ಅಂಗಡಿಯಲ್ಲಿ ಕಂಡ ನೀಲಿ ಸೀ ಸ್ಲಗ್ ಮನೆಗೆ ತರಬಹುದಾ?

ಪ್ರಶ್ನೆ: ನನ್ನ ಹತ್ತಿರ 200 ಲೀಟರಿನ ರೀಫ್ ಟ್ಯಾಂಕ್, ಅಂದರೆ ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ ಇದೆ. ಶುರು ಮಾಡಿ ಒಂದೂವರೆ ವರ್ಷ ಆಯಿತು. ಎರಡು ಕ್ಲೌನ್ ಮೀನು, ಒಂದು ಸಿಕ್ಸ್‌ಲೈನ್ ರಾಸ್, ಕೆಲವು ಮೆತ್ತನೆಯ ಹವಳಗಳಿವೆ. ಕಲ್ಲಿನ ಮೇಲೆ ಸ್ವಲ್ಪ ಹಸಿರು ಪಾಚಿ, ಅಲ್ಲಲ್ಲಿ ಕಳೆಯಂತೆ ಹಬ್ಬುವ ಏಪ್ಟೇಸಿಯಾ ಎಂಬ ಕುಟುಕುವ ಅನಿಮೋನ್ ಕೂಡ ಎದ್ದಿವೆ. ಅಂಗಡಿಯಲ್ಲಿ ಒಂದು ಸೀ ಸ್ಲಗ್ ನೋಡಿದೆ. ಹೆಬ್ಬೆರಳಿನಷ್ಟು ಉದ್ದ, ನೀಲಿ ಮೈ, ಕಪ್ಪು ಗೆರೆ, ಸುತ್ತ ಹಳದಿ ಅಂಚು. ಕಣ್ಣು ಕೀಳೋಕೇ ಆಗಲಿಲ್ಲ. "ಟ್ಯಾಂಕಿನ ಪಾಚಿ ತಿಂದುಕೊಂಡು ಇರುತ್ತೆ, ಬೇರೆ ಏನೂ ಬೇಡ" ಅಂದರು. ತರಬಹುದಾ? ಏನು ತಿನ್ನಿಸಬೇಕು? ಎಷ್ಟು ದಿನ ಬದುಕುತ್ತೆ?

ಉತ್ತರ: ತರಬೇಡಿ. ಸುತ್ತಿ ಬಳಸಿ ಹೇಳುವ ಬದಲು ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹಾಗಂತ ಸೀ ಸ್ಲಗ್ ಸಾಕುವ ಆಸೆಯನ್ನೇ ಬಿಡಬೇಕಾಗಿಲ್ಲ. ನಿಮ್ಮಂಥ ಟ್ಯಾಂಕಿನಲ್ಲಿ ಚೆನ್ನಾಗಿ ಬದುಕಬಲ್ಲ ಒಂದೆರಡು ಜಾತಿಗಳಿವೆ. ಅವುಗಳ ವಿಷಯಕ್ಕೂ ಬರುತ್ತೇನೆ.

ನಿಮ್ಮ ಮೂರು ಪ್ರಶ್ನೆಗಳಲ್ಲಿ ನಡುವಿನದೇ ಮುಖ್ಯ. ಏನು ತಿನ್ನುತ್ತದೆ ಅನ್ನುವುದು ಗೊತ್ತಾದರೆ ಉಳಿದ ಎರಡಕ್ಕೂ ಉತ್ತರ ತಾನಾಗಿ ಸಿಗುತ್ತದೆ. ಸೀ ಸ್ಲಗ್ ಅಂದರೆ ಚಿಪ್ಪು ಬಿಟ್ಟ ಬಸವನಹುಳು. ಮೊಟ್ಟೆಯಿಂದ ಹೊರಬಂದ ಮರಿಗೆ ಪುಟ್ಟ ಚಿಪ್ಪು ಇರುತ್ತದೆ. ಬೆಳೆಯುತ್ತಾ ಹೆಚ್ಚಿನ ಜಾತಿಗಳು ಅದನ್ನು ಕಳಚಿಬಿಡುತ್ತವೆ. ಇವುಗಳಲ್ಲಿ ಬಣ್ಣಕ್ಕೆ ಹೆಸರಾದ ಗುಂಪು ನುಡಿಬ್ರ್ಯಾಂಕ್. ಇದರಲ್ಲೇ 3000ಕ್ಕಿಂತ ಜಾಸ್ತಿ ಜಾತಿಗಳಿಗೆ ಹೆಸರಿಡಲಾಗಿದೆ. ನುಡಿಬ್ರ್ಯಾಂಕ್‌ಗಳೆಲ್ಲ ಮಾಂಸಾಹಾರಿಗಳು. ಪಾಚಿ ತಿನ್ನುವ ನುಡಿಬ್ರ್ಯಾಂಕ್ ಅಂತ ಯಾರಾದರೂ ಹೇಳಿದರೆ, ಅವರಿಗೆ ತಾವು ಮಾರುತ್ತಿರುವ ಜೀವಿ ಯಾವುದು ಅಂತ ಗೊತ್ತಿಲ್ಲ ಎಂದೇ ಅರ್ಥ.

ನೀವು ಬರೆದ ಬಣ್ಣ ನೋಡಿದರೆ ಅದು ಕ್ರೋಮೋಡೋರಿಸ್ ಕುಲದ್ದು ಇರಬೇಕು. ನೀಲಿ ಮೈ, ಕಪ್ಪು ಗೆರೆ, ಹಳದಿ ಅಥವಾ ಕಿತ್ತಳೆ ಅಂಚಿನ ಹಲವು ಜಾತಿಗಳು ಅಲ್ಲಿವೆ, ನೋಡಲು ಅಣ್ಣ-ತಮ್ಮಂದಿರ ಹಾಗೆ. ಇನ್ನೊಂದು ಸಾಧ್ಯತೆ ಫಿಲಿಡಿಯಾ ಎಂಬ ಕುಲ. ವ್ಯತ್ಯಾಸ ಗುರುತಿಸುವುದು ಸುಲಭ. ಬೆನ್ನಿನ ಹಿಂಭಾಗದಲ್ಲಿ ಹೂವಿನಂತೆ ಅರಳಿದ ಕಿವಿರು ಕಂಡರೆ, ಮೈ ನುಣುಪಾಗಿದ್ದರೆ, ಕ್ರೋಮೋಡೋರಿಸ್. ಹೂವಿನಂಥ ಕಿವಿರು ಇಲ್ಲದೆ ಬೆನ್ನ ತುಂಬ ಹಳದಿ ತುದಿಯ ಗಂಟುಗಳಿದ್ದರೆ ಫಿಲಿಡಿಯಾ. ಫಿಲಿಡಿಯಾದ ಕಿವಿರು ಮೈಯ ಅಂಚಿನ ಕೆಳಗೆ ಅಡಗಿರುತ್ತದೆ. ಎರಡರ ಊಟವೂ ಒಂದೇ: ಸ್ಪಂಜು, ಅಂದರೆ ಸಮುದ್ರದ ಬಂಡೆಗೆ ಅಂಟಿ ಬೆಳೆಯುವ ಜೀವಿ.

ಸ್ಪಂಜು ಅಂದರೆ ಯಾವುದೋ ಒಂದು ಸ್ಪಂಜು ಅಲ್ಲ. ಇಲ್ಲೇ ಇರುವುದು ಕಷ್ಟ. ಒಂದೊಂದು ಸ್ಲಗ್ಗಿಗೂ ಬೇಕಾದ ಸ್ಪಂಜು ಬೇರೆ. ಕೆಲವು ಜಾತಿಗಳಿಗೆ ಒಂದೋ ಎರಡೋ ಬಗೆ ಮಾತ್ರ ಆಗುತ್ತದೆ. ರೇಷ್ಮೆ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಹೇಗೋ ಇವಕ್ಕೆ ತಮ್ಮ ಸ್ಪಂಜು ಹಾಗೆ. ಇವುಗಳ ಕಣ್ಣಿಗೆ ಬೆಳಕು, ಕತ್ತಲೆ ಬಿಟ್ಟರೆ ಹೆಚ್ಚೇನೂ ತಿಳಿಯುವುದಿಲ್ಲ. ತಲೆಯ ಮೇಲಿರುವ ಎರಡು ಕೊಂಬುಗಳೇ ಮೂಗು. ನೀರಿನಲ್ಲಿ ತೇಲಿ ಬರುವ ವಾಸನೆ ಹಿಡಿದು ಆಹಾರದ ಕಡೆ ತೆವಳುತ್ತವೆ. ಬಾಯೊಳಗೆ ಅರದಂಥ ಹಲ್ಲಿನ ಪಟ್ಟಿ ಇದೆ. ಅದರ ಹಲ್ಲುಗಳ ಆಕಾರ ಕೂಡ ಆಯಾ ಆಹಾರಕ್ಕೆ ತಕ್ಕಂತೆ ಇರುತ್ತದೆ. ನೀವು ಪೆಲೆಟ್ ಹಾಕಿ, ಫ್ರೀಜ್ ಮಾಡಿದ ಸಿಗಡಿ ಹಾಕಿ, ಅದರ ಪಾಲಿಗೆ ಅದು ಊಟವೇ ಅಲ್ಲ. ಮೀನಿಗೆ ಹೊಸ ಆಹಾರ ಅಭ್ಯಾಸ ಮಾಡಿಸಿದ ಹಾಗೆ ಇದಕ್ಕೆ ಮಾಡಿಸಲು ಆಗುವುದಿಲ್ಲ.

ನಿಮ್ಮ ಕಣ್ಣು ಸೆಳೆದ ಬಣ್ಣಕ್ಕೂ ಈ ಊಟಕ್ಕೂ ನೇರ ಸಂಬಂಧವಿದೆ. ಚಿಪ್ಪಿಲ್ಲ, ಓಡಲು ಕಾಲಿಲ್ಲ, ಹಗಲು ಹೊತ್ತಲ್ಲೇ ಬಂಡೆಯ ಮೇಲೆ ಆರಾಮಾಗಿ ತೆವಳುತ್ತದೆ. ಮೀನುಗಳು ಯಾಕೆ ತಿನ್ನುವುದಿಲ್ಲ? ವಿಷ ಇರುವುದರಿಂದ. ಬಣ್ಣ ಅದರ ಎಚ್ಚರಿಕೆ. ಆ ವಿಷವನ್ನು ಬಹುಪಾಲು ಅದು ತಿನ್ನುವ ಸ್ಪಂಜೇ ಕೊಡುತ್ತದೆ. ಹತ್ತಿರದ ಸಂಬಂಧಿಗಳಾದ ಐದು ಕ್ರೋಮೋಡೋರಿಸ್ ಜಾತಿಗಳನ್ನು ಪರೀಕ್ಷಿಸಿದ ಒಂದು ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಐದೂ ಜಾತಿಗಳು ಲ್ಯಾಟ್ರಂಕುಲಿನ್ ಎ ಎಂಬ ಒಂದೇ ವಿಷವನ್ನು ಮೈಯ ಅಂಚಿನಲ್ಲಿ ಕೂಡಿಟ್ಟಿದ್ದವು. ಜೀವಕೋಶಗಳಿಗೆ ಬಹಳ ಅಪಾಯಕಾರಿಯಾದ ವಿಷ ಅದು. ಸ್ಲಗ್ ಮಾತ್ರ ಅದನ್ನು ತಿಂದು ಜೀರ್ಣಿಸಿಕೊಂಡು, ಶತ್ರು ಮೊದಲು ಬಾಯಿ ಹಾಕುವ ಜಾಗದಲ್ಲೇ ಇಟ್ಟುಕೊಳ್ಳುತ್ತದೆ. ಎಂಥ ಜಾಣತನ! ಆದರೆ ಈ ಜಾಣತನಕ್ಕೆಲ್ಲ ಬಂಡವಾಳ ಸಮುದ್ರದ ಆ ಸ್ಪಂಜು. ಅದು ನಿಮ್ಮ ಟ್ಯಾಂಕಿನಲ್ಲಿ ಇಲ್ಲ. ಲೈವ್ ರಾಕಿನ, ಅಂದರೆ ಜೀವಿಗಳು ನೆಲೆಸಿದ ಕಲ್ಲಿನ, ಸಂದಿಯಲ್ಲಿ ಬೆಳೆಯುವ ಬಿಳಿ, ಹಳದಿ ಸ್ಪಂಜಿನ ಚೂರುಗಳು ಅದರ ಬದಲಿ ಆಗುವುದಿಲ್ಲ.

"ಆದರೆ ನನ್ನ ಸ್ನೇಹಿತರ ಟ್ಯಾಂಕಿನಲ್ಲಿ ಒಂದೂವರೆ ತಿಂಗಳು ಚೆನ್ನಾಗಿತ್ತು" ಅಂತ ಹೇಳುವವರು ಸಿಗುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಹಸಿದ ಸ್ಲಗ್ ಕೂಡಲೇ ಸಾಯುವುದಿಲ್ಲ, ಕುಗ್ಗುತ್ತದೆ. ತನ್ನ ಮೈಯನ್ನೇ ಕರಗಿಸಿಕೊಂಡು ವಾರಗಟ್ಟಲೆ ದಿನ ದೂಡುತ್ತದೆ. ಬಣ್ಣ ಹಾಗೇ ಇರುತ್ತದೆ, ಗಾಜಿನ ಮೇಲೆ ಓಡಾಡುತ್ತಲೂ ಇರುತ್ತದೆ. ನೋಡುವವರಿಗೆ ಲವಲವಿಕೆಯಿಂದ ಇದೆ ಅನ್ನಿಸುತ್ತದೆ. ನಿಜವಾಗಿ ಅದು ಊಟ ಹುಡುಕುತ್ತಿದೆ. ಹೊಟ್ಟೆ ತುಂಬಿದ ಸ್ಲಗ್ ತನ್ನ ಸ್ಪಂಜಿನ ಮೇಲೆ ಅಲ್ಲಾಡದೆ ಕೂತಿರುತ್ತದೆ. ಗಾಜು ಸುತ್ತುತ್ತಾ ಇದೆ, ನೀರಿನ ಮೇಲ್ಮಟ್ಟಕ್ಕೆ ಬರುತ್ತಿದೆ ಅಂದರೆ ಸಂಶಯ ಪಡಬೇಕು. ದಿನಾ ನೋಡುವ ಕಣ್ಣಿಗೆ ಕುಗ್ಗುವುದು ಗೊತ್ತಾಗುವುದಿಲ್ಲ. ವಾರಕ್ಕೊಮ್ಮೆ ಅದೇ ಕಲ್ಲಿನ ಪಕ್ಕದಲ್ಲಿರುವಾಗ ಒಂದು ಫೋಟೊ ತೆಗೆದು ಹೋಲಿಸಿದರೆ ಸತ್ಯ ಎದ್ದು ಕಾಣುತ್ತದೆ.

ಮೊಟ್ಟೆಯ ವಿಷಯದಲ್ಲೂ ಜನ ಹೀಗೇ ಮೋಸ ಹೋಗುತ್ತಾರೆ. ತಂದ ಎರಡು ಮೂರು ದಿನಕ್ಕೆ ಗಾಜಿನ ಮೇಲೆ ರಿಬ್ಬನ್ನಿನ ಸುರುಳಿಯಂಥ ಮೊಟ್ಟೆ ಸಾಲು ಕಂಡರೆ ಖುಷಿಯೋ ಖುಷಿ. ಒಂಟಿ ಸ್ಲಗ್ ಕೂಡ ಮೊಟ್ಟೆ ಇಡಬಲ್ಲದು. ಪ್ರತಿಯೊಂದೂ ಗಂಡೂ ಹೌದು, ಹೆಣ್ಣೂ ಹೌದು. ಜೊತೆಗೆ, ಸಮುದ್ರದಲ್ಲಿ ಇನ್ನೊಂದರ ಜೊತೆ ಕೂಡಿದಾಗ ಪಡೆದ ವೀರ್ಯವನ್ನು ಮೈಯೊಳಗೆ ಉಳಿಸಿಕೊಂಡಿರುತ್ತವೆ. ಹಾಗಾಗಿ ಮೊಟ್ಟೆ ಇಟ್ಟಿತು ಅಂದರೆ ನಿಮ್ಮ ಟ್ಯಾಂಕ್ ಒಗ್ಗಿತು ಅಂತಲ್ಲ. ಹೆಚ್ಚಿನ ಜಾತಿಗಳ ಮರಿಗಳು ನೀರಿನಲ್ಲಿ ತೇಲುತ್ತಾ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ತಿಂದು ಬೆಳೆಯಬೇಕು. ಫಿಲ್ಟರ್ ಇರುವ ಟ್ಯಾಂಕಿನಲ್ಲಿ ಅದು ಆಗದ ಮಾತು.

ಎಷ್ಟು ದಿನ ಬದುಕುತ್ತೆ ಅಂತ ಕೇಳಿದ್ದೀರಿ. ಸಮುದ್ರದಲ್ಲಿ ಹೊಟ್ಟೆ ತುಂಬ ತಿಂದು ಬೆಳೆದರೂ ಹಲವು ಜಾತಿಗಳ ಆಯುಸ್ಸು ಒಂದು ವರ್ಷದ ಆಸುಪಾಸು, ಕೆಲವದ್ದು ಇನ್ನೂ ಕಡಿಮೆ. ಅಂಗಡಿಗೆ ಬರುವ ಹೊತ್ತಿಗೆ ಅದು ಬೆಳೆದ ಸ್ಲಗ್. ಹುಟ್ಟಿ ಎಷ್ಟು ದಿನ ಆಯಿತು, ಎಷ್ಟು ದಿನದಿಂದ ಉಪವಾಸ ಇದೆ, ಯಾರೂ ಹೇಳಲಾರರು. ಮನೆಗೆ ತಂದ ಮೇಲೆ ಕೆಲವು ವಾರ, ಅಷ್ಟೇ.

ಅದು ಫಿಲಿಡಿಯಾ ಆಗಿದ್ದರೆ ಇನ್ನೊಂದು ಭಯ ಇದೆ. ಫಿಲಿಡಿಯಾ ವೆರಿಕೋಸಾ ಎಂಬ ಜಾತಿ ಗಾಬರಿಯಾದಾಗ ನೀರಿಗೆ ಬಿಡುವ ದ್ರವ ಮೀನು, ಏಡಿ, ಸಿಗಡಿಗಳನ್ನು ಕೊಲ್ಲುತ್ತದೆ ಅನ್ನುವುದು 1963ರಲ್ಲೇ ವರದಿಯಾಗಿತ್ತು. ಆ ವಿಷ ಯಾವುದು ಅಂತ ಮುಂದೆ ಹವಾಯಿಯ ರಸಾಯನ ವಿಜ್ಞಾನಿಗಳು ಪತ್ತೆ ಮಾಡಿದರು. ಸ್ಲಗ್ಗಿನಲ್ಲಿ ಸಿಕ್ಕ ವಸ್ತುವೇ ಅದು ತಿನ್ನುತ್ತಿದ್ದ ಸ್ಪಂಜಿನಲ್ಲೂ ಸಿಕ್ಕಿತು. ಸಮುದ್ರದಲ್ಲಿ ಇಂಥ ವಿಷ ಕರಗಿ ಹೋಗುತ್ತದೆ. ನಿಮ್ಮ 200 ಲೀಟರಿನಲ್ಲಿ ಎಲ್ಲಿಗೆ ಹೋಗಬೇಕು? ಟ್ಯಾಂಕಿನೊಳಗೆ ನೀರು ತಳ್ಳುವ ಪಂಪು, ಅಂದರೆ ಪವರ್‌ಹೆಡ್‌ಗೆ ಸಿಕ್ಕಿ ಅರೆದು ಹೋದರಂತೂ ಟ್ಯಾಂಕಿನ ಉಳಿದ ಜೀವಿಗಳ ಗತಿ ಕಷ್ಟ. ಫಿಲಿಡಿಯಾ ಇರುವ ಚೀಲಕ್ಕೆ, ಡಬ್ಬಿಗೆ ಬೇರೆ ಯಾವ ಜೀವಿಯನ್ನೂ ಹಾಕಬಾರದು.

ಇಷ್ಟು ಓದುವ ಹೊತ್ತಿಗೆ ಯಾರೋ ಒಬ್ಬರು ಈಗಾಗಲೇ ತಂದುಬಿಟ್ಟಿರುತ್ತಾರೆ. ಅವರಿಗೆ ಎರಡು ಮಾತು. ಮೊದಲು ಅದನ್ನು ಅಂಗಡಿಗೆ ಅಥವಾ ಹಳೆಯ, ಸ್ಪಂಜು ತುಂಬ ಬೆಳೆದ ದೊಡ್ಡ ಟ್ಯಾಂಕ್ ಇರುವವರಿಗೆ ಕೊಡಲು ನೋಡಿ. ಅದೂ ಗೆಲ್ಲುವ ಆಟವಲ್ಲ, ಆದರೂ ನಿಮ್ಮಲ್ಲಿರುವುದಕ್ಕಿಂತ ಮೇಲು. ಯಾವ ಕಾರಣಕ್ಕೂ ಸಮುದ್ರಕ್ಕೆ ಬಿಡಬೇಡಿ. ಅದು ಯಾವ ಸಮುದ್ರದಿಂದ ಬಂತೋ, ಜೊತೆಗೆ ಯಾವ ರೋಗ ತಂದಿದೆಯೋ ಗೊತ್ತಿಲ್ಲ. ಅದು ನಿಮ್ಮಲ್ಲಿರುವಷ್ಟು ದಿನ ನೀರಿನ ವಿಷ ಹೀರುವ ಇದ್ದಿಲು, ಅಂದರೆ ಆಕ್ಟಿವೇಟೆಡ್ ಕಾರ್ಬನ್ ಹಾಕಿಡಿ. ದಿನಾ ಅದು ಎಲ್ಲಿದೆ ಅಂತ ಹುಡುಕಿ ನೋಡಿ. ಸತ್ತರೆ ಆ ಕ್ಷಣ ತೆಗೆದು, ನೀರು ಬದಲಿಸಿ, ಹೊಸ ಕಾರ್ಬನ್ ಹಾಕಿ.

ಈಗ ಸಾಕಬಹುದಾದವುಗಳ ವಿಷಯ. ಊಟವನ್ನು ನೀವೇ ಬೆಳೆಸಬಲ್ಲಿರಾದರೆ ಆ ಸ್ಲಗ್ ಸಾಕಬಹುದು. ನಾನು ಹಿಡಿದಿರುವ ಅಳತೆಗೋಲು ಇದೊಂದೇ. ನಿಮ್ಮ ಪತ್ರದಲ್ಲಿ ಎರಡು ಊಟದ ಹೆಸರು ಆಗಲೇ ಬಂದಿದೆ, ಗಮನಿಸಿದಿರಾ? ಹಸಿರು ಪಾಚಿ, ಏಪ್ಟೇಸಿಯಾ.

ಪಾಚಿಗೆ ಲೆಟಿಸ್ ಸ್ಲಗ್. ವೈಜ್ಞಾನಿಕ ಹೆಸರು ಎಲೀಸಿಯಾ ಕ್ರಿಸ್ಪಾಟಾ. ಫ್ಲಾರಿಡಾ ಮತ್ತು ಕೆರಿಬಿಯನ್ ಸಮುದ್ರದ್ದು. ಇದು ನುಡಿಬ್ರ್ಯಾಂಕ್ ಅಲ್ಲ, ಪಾಚಿಯ ರಸ ಹೀರುವ ಬೇರೆ ಗುಂಪಿನದು. ಬೆನ್ನ ಮೇಲೆ ನೆರಿಗೆ ನೆರಿಗೆಯಾಗಿ ಎದ್ದ ಅಂಚು, ಹಸಿರು ಮೈ, ಒಮ್ಮೊಮ್ಮೆ ನೀಲಿ, ಕೆಂಪು ಛಾಯೆ. ಚೆಲುವಿನಲ್ಲಿ ನಿಮ್ಮ ನೀಲಿ ಸ್ಲಗ್ಗಿಗೆ ಏನೂ ಕಡಿಮೆ ಇಲ್ಲ. ಪಾಚಿಯ ಜೀವಕೋಶಕ್ಕೆ ಒಂದು ಹಲ್ಲಿನಿಂದ ತೂತು ಮಾಡಿ ರಸ ಹೀರುತ್ತದೆ. ಆ ರಸದಲ್ಲಿರುವ ಹಸಿರು ಕಣಗಳನ್ನು, ಅಂದರೆ ಎಲೆಗಳಲ್ಲಿ ಬೆಳಕಿನಿಂದ ಆಹಾರ ತಯಾರಿಸುವ ಕ್ಲೋರೋಪ್ಲಾಸ್ಟ್‌ಗಳನ್ನು, ಜೀರ್ಣಿಸದೆ ತನ್ನ ಮೈಯೊಳಗೆ ಉಳಿಸಿಕೊಳ್ಳುತ್ತದೆ. ಅವು ಅಲ್ಲೂ ಸ್ವಲ್ಪ ಕಾಲ ಕೆಲಸ ಮಾಡುತ್ತವೆ.

ಈ ಸಂಗತಿಯಿಂದಲೇ "ಇದಕ್ಕೆ ಬೆಳಕಿದ್ದರೆ ಸಾಕು, ಊಟ ಬೇಡ" ಅನ್ನುವ ಮಾತು ಹುಟ್ಟಿದೆ. ನಂಬಬೇಡಿ. ಇದರ ಸಂಬಂಧಿ ಎಲೀಸಿಯಾ ಕ್ಲೋರೋಟಿಕಾ ತಿಂಗಳುಗಟ್ಟಲೆ ಊಟವಿಲ್ಲದೆ ಬದುಕಬಲ್ಲದು, ನಿಜ. ಆದರೆ ಇದೇ ಗುಂಪಿನ ಬೇರೆ ಎರಡು ಜಾತಿಗಳನ್ನು ಕತ್ತಲೆಯಲ್ಲಿ ಉಪವಾಸ ಇಟ್ಟ ಪ್ರಯೋಗ 2014ರಲ್ಲಿ ಪ್ರಕಟವಾಯಿತು. ಕತ್ತಲೆಯಲ್ಲೂ ಅವು ತಿಂಗಳುಗಟ್ಟಲೆ ಬದುಕಿದವು. ಹಾಗಾದರೆ ಅವುಗಳನ್ನು ಉಳಿಸಿದ್ದು ಬರೀ ಬೆಳಕು ಅಲ್ಲ. ಲೆಟಿಸ್ ಸ್ಲಗ್ಗಿಗೂ ಬೆಳಕು ಒಳ್ಳೆಯದು, ಪಾಚಿ ಮಾತ್ರ ಬೇಕೇ ಬೇಕು. ಪಾಚಿ ಮುಗಿದರೆ ಇದೂ ಸಣ್ಣಗಾಗುತ್ತಾ ಬಣ್ಣ ಕಳೆದುಕೊಳ್ಳುತ್ತದೆ.

ಈ ಕುಲದ ಮೇಲೆ ನನಗೆ ವಿಶೇಷ ಪ್ರೀತಿ. 2021ರಲ್ಲಿ ಜಪಾನಿನ ನಾರಾ ಮಹಿಳಾ ವಿಶ್ವವಿದ್ಯಾಲಯದ ಸಂಶೋಧಕರು ಎಲೀಸಿಯಾ ಮಾರ್ಜಿನಾಟಾ ಬಗ್ಗೆ ಬರೆದದ್ದು ಓದಿದಾಗಿನಿಂದ ಅದು ಇನ್ನೂ ಜಾಸ್ತಿಯಾಗಿದೆ. ಎಳೆಯ ಸ್ಲಗ್ ತನ್ನ ಕುತ್ತಿಗೆಯ ಬಳಿ ತಾನೇ ಕತ್ತರಿಸಿಕೊಂಡು, ಹೃದಯ ಸಮೇತ ಇಡೀ ಮೈಯನ್ನು ಕಳಚಿಬಿಡುತ್ತದೆ. ತಲೆ ಮಾತ್ರ ತೆವಳಿಕೊಂಡು ಹೋಗುತ್ತದೆ, ಪಾಚಿ ತಿನ್ನುತ್ತದೆ, ಸುಮಾರು ಮೂರು ವಾರದಲ್ಲಿ ಹೊಸ ಮೈ ಬೆಳೆಸಿಕೊಳ್ಳುತ್ತದೆ. ನಿಮ್ಮ ಲೆಟಿಸ್ ಸ್ಲಗ್ ಹೀಗೆ ಮಾಡುತ್ತದೆ ಅಂತ ಕಾಯಬೇಡಿ, ಅದು ಬೇರೆ ಜಾತಿ. ಆದರೆ ಎಂಥ ವಂಶದ ಜೀವಿಯನ್ನು ಮನೆಗೆ ತರುತ್ತಿದ್ದೇವೆ ಅನ್ನುವುದು ಗೊತ್ತಿರಲಿ.

ಪಾಚಿಯಲ್ಲೂ ಬಗೆಗಳಿವೆ. ಇದಕ್ಕೆ ಬೇಕಾದದ್ದು ಬ್ರಯಾಪ್ಸಿಸ್, ಡರ್ಬೇಸಿಯಾದಂಥ ಪಾಚಿಗಳು. ಅವುಗಳ ಎಳೆಯೊಳಗೆ ಅಡ್ಡಗೋಡೆ ಇರುವುದಿಲ್ಲ, ಉದ್ದಕ್ಕೂ ರಸವೇ. ಅದಕ್ಕೇ ಹೀರಲು ಸಲೀಸು. ಬ್ರಯಾಪ್ಸಿಸ್ ನೋಡಲು ಹಕ್ಕಿಯ ಗರಿಯಂತೆ ಇರುತ್ತದೆ. ಡರ್ಬೇಸಿಯಾ ಮೆತ್ತನೆಯ ಹಸಿರು ಕೂದಲಿನಂತೆ. ಗಾಜಿನ ಮೇಲಿನ ಕಂದು ಪುಡಿ, ಮರಳಿನ ಮೇಲೆ ಹರಡುವ ಕೆಂಪು ಲೋಳೆ, ಒರಟು ಉಂಡೆಯಂಥ ಪಾಚಿ, ಇವನ್ನು ಇದು ಮುಟ್ಟುವುದಿಲ್ಲ. ತರುವ ಮೊದಲೇ ನಿಮ್ಮ ಟ್ಯಾಂಕಿನ ಪಾಚಿ ಒಂದು ಚಿಟಿಕೆ ಕಿತ್ತು ಅಂಗಡಿಗೆ ಒಯ್ದು ಅದರ ಮುಂದೆ ಹಾಕಿಸಿ. ಅದರ ಮೇಲೆ ಕೂತು ಹೀರಿದರೆ ಸರಿ, ತಿರುಗಿಯೂ ನೋಡದೆ ಹೋದರೆ ಬಿಟ್ಟುಬಿಡಿ.

ಇನ್ನು ಏಪ್ಟೇಸಿಯಾ. ಇದಕ್ಕೆ ಬರ್ಗಿಯಾ ಅನ್ನುವ ನುಡಿಬ್ರ್ಯಾಂಕ್ ಇದೆ. ಎರಡು ಮೂರು ಸೆಂಟಿಮೀಟರ್ ಉದ್ದ, ಮಾಸಲು ಬಿಳಿ ಬಣ್ಣ, ಬೆನ್ನ ತುಂಬ ಬೆರಳಿನಂಥ ಎಳೆಗಳು. ಏಪ್ಟೇಸಿಯಾ ಬಿಟ್ಟು ಬೇರೆ ಏನನ್ನೂ ತಿನ್ನುವುದಿಲ್ಲ, ನಿಮ್ಮ ಹವಳಗಳಿಗೆ ತೊಂದರೆ ಇಲ್ಲ. ಅನಿಮೋನಿನ ಕುಟುಕುವ ಕಣಗಳನ್ನು ಸಿಡಿಯದಂತೆ ನುಂಗಿ, ಬೆನ್ನಿನ ಎಳೆಗಳ ತುದಿಯಲ್ಲಿಟ್ಟು ತನ್ನ ರಕ್ಷಣೆಗೆ ಬಳಸಿಕೊಳ್ಳುತ್ತದೆ. ಇದನ್ನು ಟ್ಯಾಂಕಿನಲ್ಲೇ ಮೊಟ್ಟೆಯಿಂದ ದೊಡ್ಡದರವರೆಗೆ ಬೆಳೆಸಬಹುದು. ಬಿಳಿ ಸುರುಳಿಯಂತೆ ಮೊಟ್ಟೆ ಇಡುತ್ತದೆ, ಸುಮಾರು ಎರಡು ವಾರದಲ್ಲಿ ಮರಿಯಾಗುತ್ತದೆ. ಮಾರಾಟಕ್ಕೆ ಸಿಗುವವು ಸಾಮಾನ್ಯವಾಗಿ ಹೀಗೆ ಬೆಳೆಸಿದವು, ಸಮುದ್ರದಿಂದ ಕಿತ್ತು ತಂದವಲ್ಲ. ನನಗೆ ಇದು ದೊಡ್ಡ ಸಮಾಧಾನ.

ಆದರೆ ನಿಮ್ಮಲ್ಲಿ ಸಿಕ್ಸ್‌ಲೈನ್ ರಾಸ್ ಇದೆ. ಅದು ಬರ್ಗಿಯಾವನ್ನು ಹೆಕ್ಕಿ ತಿನ್ನುತ್ತದೆ. ಪೆಪ್ಪರ್‌ಮಿಂಟ್ ಸಿಗಡಿ, ಏಡಿಗಳೂ ಬಿಡುವುದಿಲ್ಲ. ಹಾಗಾಗಿ ಈಗಿನ ಸ್ಥಿತಿಯಲ್ಲಿ ಮುಖ್ಯ ಟ್ಯಾಂಕಿಗೆ ಬರ್ಗಿಯಾ ಬೇಡ. ಬೇಕೇ ಬೇಕು ಅಂದರೆ ಏಪ್ಟೇಸಿಯಾ ಇರುವ ಕಲ್ಲನ್ನು ಬೇರೆ ಪುಟ್ಟ ಟ್ಯಾಂಕಿಗೆ ಹಾಕಿ, ಅಲ್ಲಿ ನಾಲ್ಕಾರು ಬರ್ಗಿಯಾ ಬಿಡಿ. ರಾತ್ರಿ ದೀಪ ಆರಿಸಿದ ಮೇಲೆ ಬಿಡಬೇಕು, ಅವು ಓಡಾಡುವುದು ಕತ್ತಲೆಯಲ್ಲೇ. ವಾರಕ್ಕೆಲ್ಲ ಕಲ್ಲು ಸ್ವಚ್ಛ ಆಗುವುದಿಲ್ಲ, ತಿಂಗಳುಗಳೇ ಹಿಡಿಯಬಹುದು. ಏಪ್ಟೇಸಿಯಾ ಮುಗಿದ ದಿನ ಅವುಗಳ ಊಟವೂ ಮುಗಿಯಿತು. ಆಗ ಅವನ್ನು ಏಪ್ಟೇಸಿಯಾ ಕಾಟ ಇರುವ ಇನ್ನೊಬ್ಬರಿಗೆ ದಾಟಿಸಬೇಕು. ಈ ಏರ್ಪಾಟು ಮೊದಲೇ ಮಾಡಿಕೊಂಡಿರಿ.

ಸೀ ಹೇರ್ ಅಂತ ದೊಡ್ಡ ಸ್ಲಗ್ ಕೂಡ ಮಾರುತ್ತಾರೆ. ಅದು ಪಾಚಿ ತಿನ್ನುತ್ತದೆ, ಬಹಳ ತಿನ್ನುತ್ತದೆ. ಕೆಲವು ಜಾತಿ 30 ಸೆಂಟಿಮೀಟರಿಗೂ ಮೀರಿ ಬೆಳೆಯುತ್ತವೆ. ಗಾಬರಿಯಾದರೆ ನೇರಳೆ ಶಾಯಿ ಚೆಲ್ಲುತ್ತವೆ. 200 ಲೀಟರಿಗೆ ಅದು ಹೊಂದುವುದಿಲ್ಲ.

ಯಾವ ಸ್ಲಗ್ ತಂದರೂ ಅದನ್ನು ಹಸಿವಿಗಿಂತಲೂ ಬೇಗ ಕೊಲ್ಲುವುದು ಪಂಪು. ಮೆತ್ತನೆಯ ಮೈ, ಹಿಡಿತ ತಪ್ಪಿದರೆ ನೀರಿನ ಸೆಳೆತಕ್ಕೆ ಸಿಕ್ಕಿ ನೇರ ಪವರ್‌ಹೆಡ್ ಒಳಗೆ. ಹೀರುವ ಬಾಯಿಗೆಲ್ಲ ಫೋಮ್ ಅಥವಾ ಸಣ್ಣ ಕಣ್ಣಿನ ಬಲೆ ಕಟ್ಟಬೇಕು. ಟ್ಯಾಂಕಿನ ಮೇಲ್ಮಟ್ಟದ ನೀರು ಹೊರಹೋಗುವ ಓವರ್‌ಫ್ಲೋ ಬಾಯಿಗೂ ಬಲೆ ಬೇಕು. ಫೋಮಿನಲ್ಲಿ ಕಸ ತುಂಬಿಕೊಂಡರೆ ಹರಿವು ನಿಲ್ಲುತ್ತದೆ, ಆಗಾಗ ತೊಳೆಯಿರಿ. ಇದಕ್ಕಿಂತ ಒಳ್ಳೆಯ ದಾರಿ ಅಂದರೆ ಸಂಪ್ ಎಂಬ ಫಿಲ್ಟರ್ ತೊಟ್ಟಿಗೆ ಜೋಡಿಸಿದ ರೆಫ್ಯೂಜಿಯಂ ಎಂಬ ಪುಟ್ಟ ಬೇರೆ ತೊಟ್ಟಿ. ಮೆಲ್ಲನೆ ಹರಿಯುವ ನೀರು, ಮೇಲೊಂದು ದೀಪ, ಒಳಗೆ ಬೇಕಾದ ಪಾಚಿ, ಕಚ್ಚುವ ಮೀನಿಲ್ಲ, ಕುಟುಕುವ ಹವಳವಿಲ್ಲ. ಲೆಟಿಸ್ ಸ್ಲಗ್ಗಿಗೆ ನಾನು ಸೂಚಿಸುವ ಮನೆ ಇದು.

ನೀರು ರೀಫ್ ಟ್ಯಾಂಕಿನದೇ ಸಾಕು: 24ರಿಂದ 26 ಡಿಗ್ರಿ ಸೆಲ್ಸಿಯಸ್, ಸ್ಪೆಸಿಫಿಕ್ ಗ್ರಾವಿಟಿ (ಉಪ್ಪಿನಂಶ ತಿಳಿಸುವ ಅಳತೆ) 1.025ರಿಂದ 1.026, ಅಮೋನಿಯಾ, ನೈಟ್ರೈಟ್ ಸೊನ್ನೆ. ತಾಮ್ರ ಇರಲೇಬಾರದು. ಮೀನಿನ ರೋಗಕ್ಕೆ ಹಿಂದೆ ಯಾವಾಗಲೋ ತಾಮ್ರದ ಔಷಧಿ ಹಾಕಿದ ಟ್ಯಾಂಕ್ ಆಗಿದ್ದರೆ, ಕಲ್ಲು, ಮರಳಿನಲ್ಲಿ ಅದು ಉಳಿದುಕೊಂಡು ಮೆಲ್ಲಗೆ ಹೊರಬರುತ್ತದೆ. ಅಂಥ ಟ್ಯಾಂಕಿಗೆ ಸ್ಲಗ್ ಬೇಡ. ತಂದ ದಿನ ಸಣ್ಣ ಪೈಪಿನಲ್ಲಿ ಹನಿ ಹನಿಯಾಗಿ ನಿಮ್ಮ ಟ್ಯಾಂಕಿನ ನೀರು ಬಿಟ್ಟು, ಒಂದೆರಡು ಗಂಟೆ ಹೊಂದಿಸಿ. ಉಪ್ಪಿನಂಶ ಒಮ್ಮೆಲೇ ಬದಲಾದರೆ ಇವು ತಡೆಯುವುದಿಲ್ಲ. ಬಲೆಯಲ್ಲಿ ಎತ್ತಬೇಡಿ, ಕೈಯಲ್ಲಿ ಹಿಡಿಯಬೇಡಿ. ಒಂದು ಲೋಟದಲ್ಲಿ ನೀರಿನ ಸಮೇತ ತೆಗೆದು, ಟ್ಯಾಂಕಿನ ನೀರಿನೊಳಗೆ ಮುಳುಗಿಸಿ, ತಾನಾಗಿ ತೆವಳಿ ಹೊರಬರಲು ಬಿಡಿ.

ನಿಮ್ಮ ವಿಷಯಕ್ಕೆ ಬಂದರೆ, ಮೊದಲು ಆ ಹಸಿರು ಪಾಚಿಯ ಹತ್ತಿರದ ಫೋಟೊ ಒಂದು ಕಳಿಸಿ. ಗರಿಯಂತೆ ಇದ್ದರೆ, ಇಲ್ಲವೇ ಮೆತ್ತನೆಯ ಕೂದಲಿನಂತೆ ಇದ್ದರೆ, ರೆಫ್ಯೂಜಿಯಂ ಪೆಟ್ಟಿಗೆ ಜೋಡಿಸಿ ಪಾಚಿ ಹಿಡಿದ ಎರಡು ಕಲ್ಲು ಅದಕ್ಕೆ ಹಾಕಿ, ದೀಪ ಉರಿಸಿ. ಒಂದು ತಿಂಗಳು ಪಾಚಿ ದಟ್ಟವಾಗಿ ಬೆಳೆಯಲಿ. ಆಮೇಲೆ ಒಂದೇ ಒಂದು ಲೆಟಿಸ್ ಸ್ಲಗ್ ತನ್ನಿ. ಎರಡನೆಯದನ್ನು, ಮೊದಲನೆಯದು ತಿನ್ನುವ ವೇಗಕ್ಕಿಂತ ಪಾಚಿ ಬೆಳೆಯುವ ವೇಗ ಜಾಸ್ತಿ ಇದೆ ಅಂತ ನಿಮ್ಮ ಫೋಟೊಗಳೇ ತೋರಿಸಿದ ಮೇಲೆ.